ಗತಕಾಲದ ಪತ್ತೇದಾರರ ಮನೆವಾರ್ತೆ

ಐತಿಹಾಸಿಕ ಪತ್ತೇದಾರಿ ಕಾದಂಬರಿ ಎಂಬ ಹೆಸರು ಹಳೆಯ ಕಾಲದಲ್ಲಿ ನಡೆಯುವ ಎಲ್ಲ ಪತ್ತೇದಾರಿ ಕಥೆಗಳಿಗೂ ಸಲ್ಲುವುದಿಲ್ಲ. ಷರ್ಲಾಕ್ ಹೋಮ್ಸ್‌ನ ಕಥೆಗಳು ಇಂದಿನ ಓದುಗರಿಗೆ ಕುದುರೆಗಾಡಿಗಳ, ಅನಿಲದೀಪಗಳ ಲಂಡನ್ನನ್ನು ಕಾಣಿಸುತ್ತವೆಯಾದರೂ ಅವನ್ನು ಬರೆದ ಆರ್ಥರ್ ಕಾನನ್ ಡಾಯ್ಲ್‌ಗೆ ಅದು ಕಣ್ಣೆದುರಿನ ಊರೇ ಆಗಿತ್ತು. ಲೇಖಕರು ತಾವು ಬಾಳದ ಕಾಲವೊಂದನ್ನು ಆರಿಸಿಕೊಂಡು, ದಾಖಲೆಗಳ ನೆರವಿನಿಂದ ಅದನ್ನು ಮರಳಿ ಕಟ್ಟಿ, ಅಲ್ಲಿ ಒಂದು ಕೊಲೆಯನ್ನೂ ಅದರ ಒಗಟನ್ನು ಬಿಡಿಸುವ ವ್ಯಕ್ತಿಯನ್ನೂ ಇರಿಸಿದಾಗ ಮಾತ್ರ ಈ ಪ್ರಕಾರ ಹುಟ್ಟುತ್ತದೆ. ಇಂಥ ಕಾದಂಬರಿಗಳು ಬಹುಮಟ್ಟಿಗೆ ಸರಣಿಗಳಾಗಿ ಬರುತ್ತವೆ. ಎಂದರೆ, ಒಬ್ಬನೇ ಪತ್ತೇದಾರ ಅಥವಾ ಒಬ್ಬಳೇ ಪತ್ತೇದಾರಿಣಿ ಹತ್ತಿಪ್ಪತ್ತು ಪುಸ್ತಕಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತಾರೆ. ಅವರ ಜೊತೆಗೆ ಒಲವಿನ ಒಂದು ಎಳೆಯೂ ಸಾಗಿಬರುತ್ತದೆ. ಆ ಎಳೆಯನ್ನು ರುಚಿಗೆಂದು ಮೇಲಿನಿಂದ ಹಾಕಿದ ಒಗ್ಗರಣೆಯೆಂದು ಬಗೆದು ಮುಂದೆ ಸಾಗುವ ರೂಢಿ ವಿಮರ್ಶೆಯಲ್ಲಿದೆ. ಆದರೆ ಈ ಸರಣಿಗಳಲ್ಲಿ ಇತಿಹಾಸ ಅತ್ಯಂತ ಆಳವಾಗಿ ಕಾಣಿಸುವುದು ಅರಮನೆಯ ಸಂಚುಗಳಲ್ಲಾಗಲಿ ಯುದ್ಧಗಳಲ್ಲಾಗಲಿ ಅಲ್ಲ, ಪತ್ತೇದಾರರ ಮದುವೆಯಲ್ಲಿ, ಆಗದೆ ಉಳಿದ ಮದುವೆಯಲ್ಲಿ, ಮುರಿದುಬಿದ್ದ ಮದುವೆಯಲ್ಲಿ.

ಪತ್ತೇದಾರಿ ಕಥೆಯ ಶಾಸ್ತ್ರಕಾರರು ಇದನ್ನು ಒಪ್ಪುತ್ತಿರಲಿಲ್ಲ. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಈ ಬಗೆಯ ಕಥೆಗಾರರಿಗೆಂದು 20 ನಿಯಮಗಳನ್ನು ಬರೆದಾಗ ಪ್ರೇಮಪ್ರಸಂಗ ಕೂಡದು ಎಂಬುದು ಅವುಗಳಲ್ಲಿ ಮೂರನೆಯದಾಗಿತ್ತು. ಅಪರಾಧಿಯನ್ನು ಕಟಕಟೆಗೆ ತರುವುದು ಕಥೆಯ ಕೆಲಸವೇ ಹೊರತು ಪ್ರೇಮಿಗಳನ್ನು ಹಸೆಮಣೆ ಏರಿಸುವುದಲ್ಲ ಎಂಬುದು ಅವನ ನಿಲುವು. ಬುದ್ಧಿಗೆ ಒಡ್ಡಿದ ಒಗಟಾಗಿಯಷ್ಟೇ ಕಥೆಯನ್ನು ನೋಡುವುದಾದರೆ ಈ ಮಾತಿನಲ್ಲಿ ತಪ್ಪಿಲ್ಲ. ಅಗಾಥಾ ಕ್ರಿಸ್ಟಿಯ ಪ್ವಾರೋ 1920ರ ಮೊದಲ ಕಾದಂಬರಿಯಲ್ಲೇ ಕೆಲಸದಿಂದ ನಿವೃತ್ತನಾದ ಬೆಲ್ಜಿಯಂ ಪೊಲೀಸ್ ಅಧಿಕಾರಿ, 1972ರ ಕಾದಂಬರಿಯಲ್ಲೂ ಅವನು ಒಗಟು ಬಿಡಿಸುತ್ತಲೇ ಇದ್ದಾನೆ. ವಯಸ್ಸಿನ ಲೆಕ್ಕ ಹಾಕಹೊರಟರೆ ಅವನು ನೂರು ದಾಟಿರಬೇಕು. ಯಾರೂ ಆ ಲೆಕ್ಕ ಹಾಕುವುದಿಲ್ಲ, ಏಕೆಂದರೆ ಅವನ ಪ್ರಕರಣಗಳು ಯಾವ ಕಾಲಕ್ಕೂ ಗಟ್ಟಿಯಾಗಿ ಕಟ್ಟಿಕೊಂಡವಲ್ಲ, ಅವನಿಗೆ ಹೆಂಡತಿ ಮಕ್ಕಳೂ ಇಲ್ಲ. ಇತಿಹಾಸವನ್ನು ಆರಿಸಿಕೊಂಡ ಲೇಖಕರಿಗೆ ಈ ಸೌಕರ್ಯವಿಲ್ಲ. ಅವರ ಕಥೆಯಲ್ಲಿ ಪಟ್ಟಕ್ಕೆ ಬಂದ ರಾಜ ಇಂಥ ವರ್ಷ ಸಾಯಲೇಬೇಕು, ಮುತ್ತಿಗೆ ಇಂಥ ತಿಂಗಳಲ್ಲೇ ನಡೆಯಬೇಕು, ಮತ್ತು ಅದನ್ನು ಕಂಡ ಪತ್ತೇದಾರನಿಗೂ ಅಷ್ಟೇ ವಯಸ್ಸಾಗಬೇಕು. ಕೊಲೆ ಪ್ರತಿ ಪುಸ್ತಕದ ಕೊನೆಗೆ ಇತ್ಯರ್ಥವಾಗಿ ಮುಗಿದುಹೋಗುತ್ತದೆ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದು ಕಾಲದ ನಡೆಯನ್ನು ತೋರಿಸಬಲ್ಲದ್ದು ಭೇಟಿ, ಮುನಿಸು, ಮದುವೆ, ಬಸಿರು, ಮಕ್ಕಳ ಬೆಳವಣಿಗೆ ಮಾತ್ರ.

ಗತಕಾಲದ ಕೊಲೆಯನ್ನು ಕಾದಂಬರಿಯಾಗಿಸುವ ಪ್ರಯತ್ನಗಳು ಮೊದಲೇ ನಡೆದಿದ್ದವು. ಕ್ರಿಸ್ಟಿ 1944ರಲ್ಲಿ ಪ್ರಾಚೀನ ಈಜಿಪ್ಟಿನ ಮನೆತನವೊಂದರ ಕೊಲೆಗಳ ಕಥೆ ಬರೆದಳು. ಡಚ್ ರಾಯಭಾರಿಯೂ ವಿದ್ವಾಂಸನೂ ಆಗಿದ್ದ ರಾಬರ್ಟ್ ವಾನ್ ಗುಲಿಕ್, ಚೀನದ ತಾಂಗ್ ವಂಶದ ಕಾಲದ ನ್ಯಾಯಾಧಿಕಾರಿ ಡೀಯ ಬಗೆಗಿನ ಹಳೆಯ ಕೃತಿಯೊಂದನ್ನು ಇಂಗ್ಲಿಷಿಗೆ ತಂದು 1949ರಲ್ಲಿ ಪ್ರಕಟಿಸಿ, ಬಳಿಕ ಅದೇ ಪಾತ್ರವನ್ನು ಇಟ್ಟುಕೊಂಡು ತಾನೇ ಸರಣಿ ಬರೆದ. ಆದರೆ ಒಲವನ್ನು ಬೆನ್ನೆಲುಬಾಗಿಸಿಕೊಂಡ ಸರಣಿಗಳು ಬೇರೂರಿದ್ದು 1970ರ ದಶಕದ ಉತ್ತರಾರ್ಧದಲ್ಲಿ, ಮತ್ತು ಆ ಕೆಲಸವನ್ನು ಬಹುಪಾಲು ಮಾಡಿದವರು ಹೆಂಗಸರು.

ಅವರಲ್ಲಿ ಮೊದಲಿಗಳು ಎಲಿಜಬೆತ್ ಪೀಟರ್ಸ್ ಎಂಬ ಹೆಸರಿನಲ್ಲಿ ಬರೆದ ಬಾರ್ಬರಾ ಮರ್ಟ್ಸ್. 1952ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಿಂದ ಈಜಿಪ್ಟ್ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ಈಕೆ ಅಧ್ಯಾಪಕಿಯಾಗಲಿಲ್ಲ, ಆ ವಿದ್ಯೆಯನ್ನೆಲ್ಲ ಪುಸ್ತಕಗಳಿಗೆ ಸುರಿದಳು. 1975ರಲ್ಲಿ ಬಂದ ‘ಕ್ರೊಕೊಡೈಲ್ ಆನ್ ದ ಸ್ಯಾಂಡ್‌ಬ್ಯಾಂಕ್’ ಕಾದಂಬರಿಯಲ್ಲಿ ಅಮೀಲಿಯಾ ಪೀಬಡಿ ಎಂಬ ಅವಿವಾಹಿತೆ, ತಂದೆ ಬಿಟ್ಟುಹೋದ ದೊಡ್ಡ ಆಸ್ತಿಯೊಡನೆ 1880ರ ದಶಕದ ಈಜಿಪ್ಟಿಗೆ ಬಂದು, ಅಮರ್ನಾ ಎಂಬಲ್ಲಿ ಉತ್ಖನನ ನಡೆಸುತ್ತಿದ್ದ ಮುಂಗೋಪಿ ಪುರಾತತ್ತ್ವಜ್ಞ ರಾಡ್‌ಕ್ಲಿಫ್ ಎಮರ್ಸನ್‌ನನ್ನು ಕಾಣುತ್ತಾಳೆ. ಇಲ್ಲಿ ಗಮನಿಸಬೇಕಾದದ್ದು ಲೇಖಕಿ ಆರಿಸಿಕೊಂಡ ಕಾಲ. ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಮದುವೆಯಾದ ಹೆಣ್ಣಿನ ಆಸ್ತಿ ಬಹುಮಟ್ಟಿಗೆ ಗಂಡನ ಕೈ ಸೇರುತ್ತಿತ್ತು. ವಿವಾಹಿತ ಸ್ತ್ರೀಯರ ಆಸ್ತಿಯ ಕುರಿತ 1882ರ ಕಾಯಿದೆ 1883ರ ಆರಂಭದಿಂದ ಜಾರಿಗೆ ಬಂದ ಮೇಲೆ ಹೆಂಡತಿ ತನ್ನ ಹಣಕ್ಕೆ ತಾನೇ ಒಡತಿಯಾಗಿ ಉಳಿಯುವುದು ಸಾಧ್ಯವಾಯಿತು. ಹತ್ತು ವರ್ಷ ಮೊದಲು ನಡೆದಿದ್ದರೆ ಈ ಮದುವೆ ಅಮೀಲಿಯಾಳ ಸೋಲಾಗುತ್ತಿತ್ತು. ಈಗ ಅದು ಇಬ್ಬರು ಸಮಾನರ ಕೂಟವಾಗಿ, ಉತ್ಖನನದ ಋತುವಿನಿಂದ ಋತುವಿಗೆ ಬೆಳೆಯಿತು. ಅವರ ಮಗ ರಾಮ್ಸೆಸ್ ತಂಟೆಯ ಹುಡುಗನಾಗಿ ಬಂದು, ಯುವಕನಾಗಿ, ತಾನೇ ಪ್ರೇಮಿಯಾಗಿ, ತಂದೆಯಾಗುತ್ತಾನೆ. 1922ರಲ್ಲಿ ತೂತನ್‌ಖಾಮನ್ನನ ಗೋರಿ ಪತ್ತೆಯಾಗುವಷ್ಟರಲ್ಲಿ ಆ ಕುಟುಂಬ ಮೂರು ತಲೆಮಾರಿನದಾಗಿದೆ. ಇಷ್ಟೆಲ್ಲ ಸೊಗಸಿನ ನಡುವೆ ಒಂದು ಕೊರತೆಯನ್ನೂ ಹೇಳಲೇಬೇಕು. 1882ರಿಂದ ಈಜಿಪ್ಟ್ ಬ್ರಿಟಿಷ್ ಸೇನೆಯ ಹತೋಟಿಯಲ್ಲಿತ್ತು, ಮತ್ತು ಗೋರಿಗಳ ಮಣ್ಣು ಹೊತ್ತವರು ಆ ನೆಲದ ರೈತರು. ಮೇಸ್ತ್ರಿ ಅಬ್ದುಲ್ಲಾನಿಗೆ ಮರ್ಟ್ಸ್ ನಿಜವಾದ ಘನತೆಯನ್ನು ಕೊಟ್ಟಿದ್ದಾಳೆ. ಆದರೂ ದಂಪತಿಗಳ ಸರಸ ಅಷ್ಟು ಸೆಳೆಯುವುದರಿಂದ ಅವರು ಯಾವ ಅಧಿಕಾರದ ನೆರಳಿನಲ್ಲಿ ನಿಂತಿದ್ದಾರೆ ಎಂಬುದು ಓದುಗರಿಗೆ ಮರೆತುಹೋಗುತ್ತದೆ.

ಆನ್ ಪೆರಿಯ ಸರಣಿ 1979ರಲ್ಲಿ ಮೊದಲಾಯಿತು. ಅದರಲ್ಲಿ 1881ರ ಲಂಡನ್ನಿನ ಸಿರಿವಂತ ಮನೆಯ ಷಾರ್ಲೆಟ್ ಎಲಿಸನ್, ಬೇಟೆ ಅರಣ್ಯದ ಕಾವಲುಗಾರನ ಮಗನಾದ ಪೊಲೀಸ್ ಅಧಿಕಾರಿ ಥಾಮಸ್ ಪಿಟ್‌ನನ್ನು ಮದುವೆಯಾಗಿ ಅಂತಸ್ತಿನಿಂದ ಕೆಳಗಿಳಿಯುತ್ತಾಳೆ. ಅಂದಿನ ದೊಡ್ಡ ಮನೆಗಳಲ್ಲಿ ಪೊಲೀಸರು ಹಿಂಬಾಗಿಲಿನಿಂದ ಬರಬೇಕಾದವರು. ಗಂಡನಿಗೆ ಮುಚ್ಚಿದ ದಿವಾನಖಾನೆಗಳಿಗೆ ಹೆಂಡತಿ ಹಳೆಯ ಪರಿಚಯದ ಬಲದಿಂದ ಹೋಗಿ ಕುಳಿತು, ಚಹಾದ ಹೊತ್ತಿನ ಮಾತುಗಳಿಂದ ಸತ್ಯವನ್ನು ಹೆಕ್ಕಿ ತರುತ್ತಾಳೆ. ಇಲ್ಲಿ ಮದುವೆ ಪತ್ತೇದಾರಿಕೆಯ ಸಾಧನವೇ ಆಗಿದೆ.

ಲಿಂಡ್ಸೆ ಡೇವಿಸ್ ಆರಿಸಿಕೊಂಡದ್ದು ಇದಕ್ಕಿಂತ ದೂರದ ಕಾಲ. ಆಕೆ ಮೊದಲು ಬರೆಯಬಯಸಿದ್ದು ರೋಮಿನ ಚಕ್ರವರ್ತಿ ವೆಸ್ಪಾಸಿಯನ್ ಮತ್ತು ಸೀನಿಸ್ ಎಂಬ ಹೆಣ್ಣಿನ ಪ್ರೇಮಕಥೆಯನ್ನು. ಸೀನಿಸ್ ಅರಮನೆಯಲ್ಲಿ ಗುಲಾಮಳಾಗಿದ್ದು ಬಿಡುಗಡೆ ಪಡೆದವಳು. ಸೆನೆಟ್ ಸಭೆಗೆ ಸೇರಿದ ಮನೆತನದವರು ಹೀಗೆ ಬಿಡುಗಡೆಯಾದವರನ್ನು ಮದುವೆಯಾಗಬಾರದೆಂದು ಅಗಸ್ಟಸ್‌ನ ಕಾಲದ ಶಾಸನ ಹೇಳುತ್ತಿತ್ತು. ಹೆಂಡತಿ ತೀರಿದ ಮೇಲೆ ವೆಸ್ಪಾಸಿಯನ್ ಅವಳೊಡನೆ ಬಾಳಿದ, ಚಕ್ರವರ್ತಿಯಾದ ಮೇಲೂ ಅವಳನ್ನು ಹೆಂಡತಿಯಂತೆಯೇ ನಡೆಸಿಕೊಂಡ, ಆದರೆ ಹೆಂಡತಿಯೆಂದು ಕರೆಯಲಾಗಲಿಲ್ಲ. ಈ ಪುಸ್ತಕ ಅಚ್ಚಾಗಿದ್ದು 1997ರಲ್ಲಿ. ಅಷ್ಟರೊಳಗೆ ಅದೇ ರೋಮಿನಲ್ಲಿ, ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿ, ಆಕೆಯ ಪತ್ತೇದಾರ ಮಾರ್ಕಸ್ ಡಿಡಿಯಸ್ ಫಾಲ್ಕೊ ಜನಪ್ರಿಯನಾಗಿದ್ದ. 1989ರ ‘ದ ಸಿಲ್ವರ್ ಪಿಗ್ಸ್’ ಕ್ರಿ.ಶ. 70ರಲ್ಲಿ ನಡೆಯುತ್ತದೆ. ಹಣಕ್ಕಾಗಿ ಸುದ್ದಿ ಸಂಗ್ರಹಿಸಿ ಬದುಕುವ ಫಾಲ್ಕೊ, ಬಹುಮಹಡಿ ವಠಾರದ ಮೇಲಂತಸ್ತಿನ ಕೋಣೆಯಲ್ಲಿ ಇರುವ ಬಡವ; ಅವನು ಒಲಿದದ್ದು ಸೆನೆಟ್ ಸದಸ್ಯನ ಮಗಳು, ವಿಚ್ಛೇದಿತೆ ಹೆಲೆನಾ ಜಸ್ಟಿನಾಳನ್ನು. ಅವಳಿಗೆ ತಕ್ಕವನೆನಿಸಿಕೊಳ್ಳಲು ಅವನು ಕುದುರೆ ಸವಾರರ ವರ್ಗವೆಂದು ಕರೆಯಲಾಗುತ್ತಿದ್ದ, ಸೆನೆಟಿಗಿಂತ ಒಂದು ಮೆಟ್ಟಿಲು ಕೆಳಗಿನ ವರ್ಗಕ್ಕೆ ಸೇರಬೇಕು. ಅದಕ್ಕೆ ಬೇಕಾದ ಆಸ್ತಿ 4,00,000 ಸೆಸ್ಟರ್ಸ್ ನಾಣ್ಯಗಳು.

ಈ ಮೊತ್ತ ಸರಣಿಯ ನಿಜವಾದ ಒಗಟು. ಪ್ರತಿ ಪ್ರಕರಣದಲ್ಲಿ ಅವನು ಒಂದಿಷ್ಟು ಗಳಿಸುತ್ತಾನೆ, ಒಂದಿಷ್ಟು ಕಳೆದುಕೊಳ್ಳುತ್ತಾನೆ. ಅವನು ಆ ವರ್ಗವನ್ನು ಸೇರುವುದು ಹನ್ನೊಂದನೆಯ ಕಾದಂಬರಿಯಲ್ಲಿ. ಅಷ್ಟರೊಳಗೆ ಅವರಿಬ್ಬರಿಗೆ ಮಗಳು ಹುಟ್ಟಿದ್ದಾಳೆ, ಮನೆ ಹೂಡಿದೆ, ಏಕೆಂದರೆ ರೋಮನ್ನರಲ್ಲಿ ಮದುವೆಗೆ ಪುರೋಹಿತರೂ ಕಾಗದಪತ್ರವೂ ಕಡ್ಡಾಯವಾಗಿರಲಿಲ್ಲ. ಮದುವೆಯಾಗುವ ಅರ್ಹತೆಯುಳ್ಳ ಇಬ್ಬರು ಗಂಡಹೆಂಡಿರೆಂಬ ಮನಸ್ಸಿನಿಂದ ಕೂಡಿಬಾಳಿದರೆ ಅದೇ ಮದುವೆ. ಅಂತಸ್ತು ಅಂಕಿಗಳಲ್ಲಿ ಅಳೆಯಲ್ಪಡುತ್ತಿದ್ದ ಸಮಾಜವೊಂದು ಒಬ್ಬ ಗಂಡಸಿನ ಆತ್ಮಗೌರವವನ್ನು ಹೇಗೆ ಕೊರೆಯುತ್ತದೆ ಎಂಬುದನ್ನು ರೋಮಿನ ಸಮಾಜವ್ಯವಸ್ಥೆಯ ಬಗೆಗಿನ ಪಠ್ಯವೊಂದು ವಿವರಿಸಬಲ್ಲದು, ಆದರೆ ಹತ್ತು ಪುಸ್ತಕಗಳ ಉದ್ದಕ್ಕೂ ಅದನ್ನು ಅನುಭವಿಸುವಂತೆ ಮಾಡಿದ್ದು ಡೇವಿಸ್‌ಳ ದೊಡ್ಡ ಸಾಧನೆ. 20 ಕಾದಂಬರಿಗಳ ಬಳಿಕ, 2013ರಿಂದ, ಈ ದಂಪತಿಗಳು ಬ್ರಿಟನ್ನಿನಿಂದ ತಂದು ಸಾಕಿದ ಮಗಳು ಫ್ಲಾವಿಯಾ ಆಲ್ಬಿಯಾ ಬೇರೊಂದು ಸರಣಿಯ ಪತ್ತೇದಾರಿಣಿಯಾಗಿದ್ದಾಳೆ.

ಭಾರತವನ್ನು ನೆಲೆಯಾಗಿಸಿಕೊಂಡ ಸರಣಿಗಳು ಹೆಚ್ಚಾಗಿ ಬಂದದ್ದು 2010ರ ನಂತರ, ಅದೂ ಇಂಗ್ಲಿಷಿನಲ್ಲಿ. ಅಬೀರ್ ಮುಖರ್ಜಿಯವರ ಕಲ್ಕತ್ತಾ, ವಸೀಂ ಖಾನ್ ಅವರ ಸ್ವಾತಂತ್ರ್ಯೋತ್ತರ ಬೊಂಬಾಯಿ, ನೆವ್ ಮಾರ್ಚ್ ಅವರ 1892ರ ಬೊಂಬಾಯಿ ಇವೆಲ್ಲ ಓದಿಸಿಕೊಳ್ಳುತ್ತವೆ, ಮತ್ತು ಎಲ್ಲದರಲ್ಲೂ ಜನಾಂಗ, ಮತ, ಬಣ್ಣಗಳ ಗೆರೆ ದಾಟಲು ತಡವರಿಸುವ ಪ್ರೇಮವೊಂದಿದೆ. ಆದರೆ ಪ್ರೇಮದ ದಾರಿಗೆ ಅಡ್ಡನಿಂತ ಕಾನೂನನ್ನು ಸೆಕ್ಷನ್ ಸಹಿತ ಎದುರಿಸಿದ್ದು ಸುಜಾತಾ ಮ್ಯಾಸಿಯವರ ಪರ್ವೀನ್ ಮಿಸ್ತ್ರಿ ಸರಣಿ. 2018ರಲ್ಲಿ ಬಂದ ಮೊದಲ ಕಾದಂಬರಿ 1921ರ ಬೊಂಬಾಯಿಯದು. ಪರ್ವೀನ್ ಪಾರ್ಸಿ ಮನೆತನದ ಹೆಣ್ಣು, ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ ತಂದೆಯ ಕಚೇರಿಯಲ್ಲಿ ಸಾಲಿಸಿಟರ್ ಆಗಿರುವವಳು; ಎಂದರೆ ದಸ್ತಾವೇಜು ಸಿದ್ಧಪಡಿಸಬಲ್ಲಳು, ಕಕ್ಷಿದಾರರಿಗೆ ಸಲಹೆ ಕೊಡಬಲ್ಲಳು, ನ್ಯಾಯಾಲಯದಲ್ಲಿ ನಿಂತು ವಾದಿಸಲಾರಳು. ಹೆಂಗಸರಿಗೆ ವಕೀಲಿಯ ಬಾಗಿಲು ತೆರೆದ ಕಾಯಿದೆ ಬಂದದ್ದು 1923ರಲ್ಲಿ. ಅವಳ ಹಿಂದೆ ಕೊರ್ನೇಲಿಯಾ ಸೊರಾಬ್ಜಿಯ ನಿಜಜೀವನವಿದೆ. 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಬರೆದ ಮೊದಲ ಮಹಿಳೆ ಆಕೆ. 1904ರಿಂದ, ಅಪ್ರಾಪ್ತ ಮಕ್ಕಳ ಮತ್ತು ವಿಧವೆಯರ ಜಹಗೀರುಗಳನ್ನು ಸರ್ಕಾರದ ಪರವಾಗಿ ನೋಡಿಕೊಳ್ಳುತ್ತಿದ್ದ ಕೋರ್ಟ್ ಆಫ್ ವಾರ್ಡ್ಸ್ ಎಂಬ ಕಚೇರಿಯಲ್ಲಿ, ಪರದೆಯ ಹಿಂದಿನ ಹೆಂಗಸರಿಗೆ ಕಾನೂನಿನ ಆಸರೆಯಾಗಿ ದುಡಿದಳು. ಪರ್ವೀನ್‌ಳ ಮೊದಲ ಪ್ರಕರಣವೂ ಪರದೆಯ ಹಿಂದಿನದೇ: ಸತ್ತುಹೋದ ಗಿರಣಿ ಮಾಲೀಕನ ಮೂವರು ಹೆಂಡಿರು ತಮ್ಮ ಮೆಹರನ್ನು, ಅಂದರೆ ಮದುವೆಯ ಕರಾರಿನಂತೆ ಹೆಣ್ಣಿಗೆ ಸಲ್ಲಬೇಕಾದ ಹಣವನ್ನು, ಧರ್ಮಕಾರ್ಯಕ್ಕೆ ಮೀಸಲಾದ ವಕ್ಫ್‌ಗೆ ಬಿಟ್ಟುಕೊಡುವುದಾಗಿ ಸಹಿ ಮಾಡಿದ್ದಾರೆ. ಸಹಿಗಳಲ್ಲಿ ಎರಡು ಒಂದೇ ಕೈಬರಹದಂತೆ ಕಾಣುತ್ತವೆ. ಗಂಡಸು ವಕೀಲನೊಬ್ಬ ಆ ಮನೆಯ ಜನಾನಾದೊಳಗೆ ಹೋಗಿ ವಿಚಾರಿಸುವಂತಿಲ್ಲ, ಇವಳು ಹೋಗಬಲ್ಲಳು.

ಈ ಹೆಂಗಸರ ಹಕ್ಕುಗಳನ್ನು ಕಾಯುವ ಪರ್ವೀನ್ ತನ್ನ ಹಕ್ಕನ್ನು ಕಾಯಲಾರಳು ಎಂಬುದು ಕಾದಂಬರಿಯ ಇನ್ನೊಂದು ಎಳೆ. ಕೆಲವು ವರ್ಷಗಳ ಹಿಂದೆ ಅವಳು ಒಲಿದು ಮದುವೆಯಾಗಿ ಕಲ್ಕತ್ತೆಗೆ ಹೋಗಿದ್ದಳು. ಅತ್ತೆಯ ಮನೆಯಲ್ಲಿ ಮುಟ್ಟಿನ ದಿನಗಳಲ್ಲಿ ಅವಳನ್ನು ಒಂದು ಕೊಠಡಿಗೆ ನೂಕಿ ಕೂಡಿಹಾಕಲಾಯಿತು, ಗಂಡನ ಲಂಪಟತನ ಬಯಲಾಯಿತು, ಹೊಡೆತ ತಿಂದು ಅವಳು ತವರಿಗೆ ಮರಳಿದಳು. ಅಂದಿನ ಪಾರ್ಸಿಗಳ ವಿವಾಹ ಮತ್ತು ವಿಚ್ಛೇದನದ 1865ರ ಕಾಯಿದೆಯಂತೆ ಗಂಡ ವೇಶ್ಯೆಯರ ಸಂಗ ಮಾಡಿದ್ದು ಹೆಂಡತಿಗೆ ವಿಚ್ಛೇದನ ಕೊಡಲು ಸಾಕಾದ ಕಾರಣವಲ್ಲ. ಅವಳಿಗೆ ದಕ್ಕಿದ್ದು ನ್ಯಾಯಾಲಯ ಒಪ್ಪಿದ ಬೇರ್ಪಡೆ ಮಾತ್ರ. ಎಂದರೆ ಗಂಡನೊಡನೆ ಬಾಳಬೇಕಿಲ್ಲ, ಆದರೆ ಅವನ ಹೆಂಡತಿಯಾಗಿಯೇ ಉಳಿಯಬೇಕು, ಮರುಮದುವೆಯ ಮಾತಿಲ್ಲ. ಎರಡನೆಯ ಪುಸ್ತಕದಲ್ಲಿ ಕಾಲಿನ್ ಸ್ಯಾಂಡ್ರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಅಧಿಕಾರಿಯ ಕಡೆಗೆ ಅವಳ ಮನಸ್ಸು ವಾಲಿದಾಗ, ಅವರ ನಡುವೆ ಆಳುವವರು ಆಳಿಸಿಕೊಳ್ಳುವವರು ಎಂಬ ಅಂತರವಷ್ಟೇ ಅಲ್ಲ, ಅಳಿಸಲಾಗದ ಆ ಮೊದಲ ಮದುವೆಯೂ ನಿಂತಿರುತ್ತದೆ. ಕೊಲೆಗಾರ ಯಾರೆಂಬುದಕ್ಕಿಂತ ಈ ಹೆಣ್ಣಿಗೆ ಬಿಡುಗಡೆ ಎಂದು ಎಂಬ ಪ್ರಶ್ನೆಯೇ ಓದುಗರನ್ನು ಮುಂದಿನ ಪುಸ್ತಕಕ್ಕೆ ಎಳೆಯುತ್ತದೆ. ಆ ಕಾಯಿದೆಗೆ ಬದಲಾಗಿ ಹೊಸದು ಬಂದದ್ದು 1936ರಲ್ಲಿ ಎಂದು ತಿಳಿದವರಿಗೆ ಈ ಪ್ರೇಮದ ಪ್ರತಿ ಪುಟವೂ ನೋಯುತ್ತದೆ.

ಅದೇ 1921ರಲ್ಲಿ, ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ, ಹರಿಣಿ ನಾಗೇಂದ್ರ ಅವರ ಕಾವೇರಿ ಇದ್ದಾಳೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಪ್ರಾಧ್ಯಾಪಕರಾಗಿರುವ ಹರಿಣಿ ಬೆಂಗಳೂರಿನ ಕೆರೆ, ಮರ, ತೋಪುಗಳ ಚರಿತ್ರೆಯನ್ನು ಸಂಶೋಧಿಸಿದವರು; 2022ರ ‘ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ನಲ್ಲಿ ಆ ತಿಳಿವಳಿಕೆ ಊರಿನ ಹಸಿರಾಗಿ ಹರಡಿಕೊಂಡಿದೆ. ಹತ್ತೊಂಬತ್ತರ ಕಾವೇರಿ ಗಣಿತ ಪ್ರಿಯೆ, ಈಜು ಬಲ್ಲವಳು, ಬೌರಿಂಗ್ ಆಸ್ಪತ್ರೆಯ ವೈದ್ಯ ರಾಮು ಮೂರ್ತಿಯ ಮನೆಗೆ ಹೊಸದಾಗಿ ಬಂದ ಹೆಂಡತಿ. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಕೊಲೆಯೊಂದು ನಡೆದು, ಸಂಶಯ ದಿಕ್ಕಿಲ್ಲದವರ ಮೇಲೆ ತಿರುಗಿದಾಗ ಅವಳು ಸುಮ್ಮನಿರಲಾರಳು. ಆಗಿನ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪೇಟೆ ಮಹಾರಾಜರ ಆಡಳಿತದಲ್ಲಿತ್ತು, ದಂಡು ಬ್ರಿಟಿಷ್ ರೆಸಿಡೆಂಟನ ಕೈಯಲ್ಲಿತ್ತು. ಇಲ್ಲಿ ಒಲವಿಗೆ ಅಡ್ಡಗಾಲಿಲ್ಲ, ಹಿರಿಯರು ಮಾಡಿದ ಮದುವೆ ಈಗಾಗಲೇ ಆಗಿದೆ. ಆದರೆ ಗಂಡಹೆಂಡಿರು ಒಬ್ಬರಿಗೊಬ್ಬರು ಇನ್ನೂ ಅಪರಿಚಿತರು. ಒಂದು ಅಪರಾಧದ ಬೆನ್ನು ಹತ್ತಿದಂತೆ ಅವರು ಪರಸ್ಪರರ ಮನಸ್ಸನ್ನೂ ಪತ್ತೆ ಹಚ್ಚುತ್ತ ಹೋಗುತ್ತಾರೆ, ಮತ್ತು ನಮ್ಮ ಅಜ್ಜಿಯರ ಕಾಲದ ದಾಂಪತ್ಯ ಆರಂಭವಾಗುತ್ತಿದ್ದ ರೀತಿಗೆ ಇದು ತುಂಬ ಹತ್ತಿರವಾದದ್ದು. ಪಾಶ್ಚಾತ್ಯ ಸರಣಿಗಳಲ್ಲಿ ಮದುವೆಗೆ ಮೊದಲೇ ಮೊಳೆಯುವ ಒಲವು ಇಲ್ಲಿ ಮದುವೆಯಾದ ಮೇಲೆಯೇ ಹುಟ್ಟುತ್ತದೆ. ರಾಮು ಮಾತ್ರ ತುಸು ಅತಿ ಒಳ್ಳೆಯವನು. 1921ರ ಗಂಡನೊಬ್ಬ ಅಷ್ಟು ಬೇಗ ಇಂದಿನ ಗಂಡನಾಗಬಲ್ಲನೇ ಎಂಬ ಸಂದೇಹ ಉಳಿಯುತ್ತದೆ. ಇದು ಒಬ್ಬ ಲೇಖಕಿಯ ದೋಷವಲ್ಲ, ಈ ಪ್ರಕಾರಕ್ಕೇ ಅಂಟಿದ ದುರ್ಬಲತೆ: ಓದುಗರ ಪ್ರೀತಿಗೆ ಪಾತ್ರರಾಗಬೇಕಾದ ನಾಯಕನಾಯಕಿಯರಿಗೆ ಇಂದಿನ ಮೌಲ್ಯಗಳನ್ನು ಕೊಟ್ಟು, ಆ ಕಾಲದ ಕಟುತನವನ್ನೆಲ್ಲ ಅತ್ತೆಗೋ ಖಳನಿಗೋ ಹೊರಿಸುವುದು.

ಕನ್ನಡದಲ್ಲಿ ಗಳಗನಾಥರಿಂದ ಮಾಸ್ತಿ, ತ.ರಾ.ಸು. ಅವರವರೆಗೆ ಐತಿಹಾಸಿಕ ಕಾದಂಬರಿ ಬೆಳೆದಿದೆ, ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಮುಂತಾದವರು ಪತ್ತೇದಾರಿ ಕಾದಂಬರಿಗೆ ಮನೆಮನೆಯ ಓದುಗರನ್ನು ಗಳಿಸಿಕೊಟ್ಟರು. ಎರಡನ್ನೂ ಬೆಸೆದ ಸರಣಿಗಳು ಮಾತ್ರ ಇಲ್ಲಿ ವಿರಳ, ಸಾಮಗ್ರಿಗೆ ಕೊರತೆಯಿಲ್ಲದಿದ್ದರೂ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನನ್ನು ಮೈಸೂರು ಸಂಸ್ಥಾನ 1894ರಲ್ಲೇ ಮಾಡಿತ್ತು. ಹಿಂದೂ ಹೆಂಗಸರ ಆಸ್ತಿಹಕ್ಕುಗಳ ಕಾಯಿದೆ 1933ರಲ್ಲಿ ಬಂತು. ಈ ಎರಡು ವರ್ಷಗಳ ನಡುವೆ ಬಾಳಿದ ಹೆಣ್ಣೊಬ್ಬಳನ್ನು ಕನ್ನಡದಲ್ಲೇ ಯೋಚಿಸುವ ಪತ್ತೇದಾರಿಣಿಯಾಗಿಸುವ ಲೇಖಕರು ಬರಲಿ ಎಂದು ಹಂಬಲಿಸದೆ ಇರಲಾಗದು.

ಮದುವೆಯಾಗುವಂತೆಯೇ ಇಲ್ಲದ ಪತ್ತೇದಾರನ ಸರಣಿಗೆ ಮೇಲಿನ ವಾದ ಒಪ್ಪುವುದೇ ಎಂಬ ಪ್ರಶ್ನೆ ಸಹಜ. ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಓದುಗರನ್ನು ತಂದ ಬ್ರದರ್ ಕ್ಯಾಡ್‌ಫೆಲ್ ಒಬ್ಬ ಕ್ರೈಸ್ತ ಸನ್ಯಾಸಿ. ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ ಅವನನ್ನು ಸೃಷ್ಟಿಸಿದ ಎಡಿತ್ ಪಾರ್ಜಿಟರ್ ಇಂಗ್ಲೆಂಡಿನ ಶ್ರಾಪ್‌ಷರ್ ಪ್ರಾಂತದವಳು, ಯೌವನದಲ್ಲಿ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡಿದವಳು. ತನ್ನ ಸೀಮೆಯ ಶ್ರೂಸ್‌ಬರಿಯ ಮಠದಲ್ಲಿ ಗಿಡಮೂಲಿಕೆಗಳ ತೋಟ ನೋಡಿಕೊಳ್ಳುವ ಸನ್ಯಾಸಿಯನ್ನು 1977ರಲ್ಲಿ ಪರಿಚಯಿಸಿದಳು. ಕಥೆ ನಡೆಯುವುದು ರಾಜ ಸ್ಟೀಫನ್ ಮತ್ತು ಸಾಮ್ರಾಜ್ಞಿ ಮಾಡ್ ಸಿಂಹಾಸನಕ್ಕಾಗಿ ಕಾದಾಡಿದ ಅಂತರ್ಯುದ್ಧದ ಕಾಲದಲ್ಲಿ. 20 ಕಾದಂಬರಿಗಳು 1137ರಿಂದ 1145ರವರೆಗೆ ಹೆಚ್ಚುಕಡಿಮೆ ಋತುಮಾನದ ಲೆಕ್ಕದಲ್ಲಿ ಸಾಗುತ್ತವೆ. 1138ರಲ್ಲಿ ಶ್ರೂಸ್‌ಬರಿಯ ಕೋಟೆ ಬಿದ್ದ ಮೇಲೆ ಗಲ್ಲಿಗೇರಿದ 94 ಮಂದಿಯ ಶವಸಂಸ್ಕಾರಕ್ಕೆ ಹೋದ ಕ್ಯಾಡ್‌ಫೆಲ್ ಎಣಿಸಿದಾಗ ಶವಗಳು 95 ಇರುತ್ತವೆ. ಯುದ್ಧದ ಸಾವುಗಳ ರಾಶಿಯಲ್ಲಿ ಒಂದು ಕೊಲೆಯನ್ನು ಅಡಗಿಸಿದ್ದನ್ನು ಅವನು ಸಹಿಸುವುದಿಲ್ಲ. ಇಂಥ ನೈತಿಕ ಬಿಗಿ ಇರುವ ಕಥಾರಂಭ ಈ ಪ್ರಕಾರದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಕ್ಯಾಡ್‌ಫೆಲ್ ಮಠ ಸೇರಿದ್ದು ನಡುವಯಸ್ಸಿನಲ್ಲಿ, ಧರ್ಮಯುದ್ಧಕ್ಕೆ ಹೋಗಿ, ಕಡಲಲ್ಲಿ ಅಲೆದು, ಹೆಣ್ಣುಗಳನ್ನು ಒಲಿದು ಬಂದ ಮೇಲೆ. ಬಹುತೇಕ ಕಥೆಗಳಲ್ಲಿ ಅವನು ಯಾವುದಾದರೊಂದು ಎಳೆಯ ಜೋಡಿಯನ್ನು ಕಾಪಾಡಿ ಒಂದುಗೂಡಿಸುತ್ತಾನೆ. ಕೆಲವು ಪುಸ್ತಕಗಳಲ್ಲಿ ಇದು ಯಾಂತ್ರಿಕವೇ ಆಗಿದೆ. ಆದರೆ ಅವನ ಸ್ವಂತ ಗತಕಾಲ ಎದುರು ಬಂದಾಗ ಬರವಣಿಗೆಯ ಬಣ್ಣವೇ ಬೇರೆ. 1980ರ ‘ಮಂಕ್ಸ್‌ಹುಡ್’ನಲ್ಲಿ, ಅವನು ಕೀಲುನೋವಿಗೆಂದು ಕಾಸಿಟ್ಟ ಎಣ್ಣೆಯಲ್ಲಿನ ವಿಷದಿಂದಲೇ ಒಬ್ಬ ಸಾಯುತ್ತಾನೆ, ಸತ್ತವನ ಹೆಂಡತಿ ಹಿಂದೊಮ್ಮೆ ಇವನಿಗೆಂದು ನಿಶ್ಚಯವಾಗಿದ್ದ ರಿಚಿಲ್ಡಿಸ್. 1982ರ ‘ದ ವರ್ಜಿನ್ ಇನ್ ದ ಐಸ್’ನಲ್ಲಿ, ಸಿರಿಯಾದಿಂದ ಬಂದ ಒಲಿವಿಯರ್ ಎಂಬ ಯುವಕ ತನ್ನ ತಾಯಿಯ ಹೆಸರು ಮರಿಯಂ, ಆಕೆ ಆಂಟಿಯೋಕ್ ನಗರದವಳು ಎಂದಾಗ, ಅವನು ತನ್ನ ಮಗನೆಂದು ಕ್ಯಾಡ್‌ಫೆಲ್‌ಗೆ ಹೊಳೆಯುತ್ತದೆ, ಅವನು ಅದನ್ನು ಹೇಳುವುದಿಲ್ಲ. ಇಲ್ಲಿಂದ ಮುಂದೆ ಸರಣಿಯ ಅಡಿಯಲ್ಲಿ ಹರಿಯುವುದು ಈ ಮುಚ್ಚಿಟ್ಟ ತಂದೆತನ.

1994ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಪಾರ್ಜಿಟರ್ ಪ್ರಕಟಿಸಿದ ‘ಬ್ರದರ್ ಕ್ಯಾಡ್‌ಫೆಲ್ಸ್ ಪೆನನ್ಸ್’ ಸರಣಿಯ ಕೊನೆಯ ಕಾದಂಬರಿ. ಒಲಿವಿಯರ್ ಶತ್ರುವಿನ ಸೆರೆಯಲ್ಲಿದ್ದಾನೆ. ಮಠದಲ್ಲೇ ನೆಲೆನಿಲ್ಲುವೆನೆಂದು ವಚನ ಕೊಟ್ಟ ಸನ್ಯಾಸಿಗೆ ಇಂತಿಷ್ಟು ದಿನವೆಂದು ಅನುಮತಿ ಸಿಗುತ್ತದೆ. ಆ ಗಡುವು ಮುಗಿದ ಮೇಲೂ ಅವನು ಹಿಂದಿರುಗದೆ, ವಚನಭಂಗವೆಂದು ಅರಿತೇ ಮಗನನ್ನು ಅರಸಿ ಹೋಗುತ್ತಾನೆ. ಕಾವೆಂಟ್ರಿಯಲ್ಲಿ ಕೊಲೆಯೊಂದೂ ನಡೆಯುತ್ತದೆ, ಅವನು ಅದನ್ನು ಭೇದಿಸುತ್ತಾನೆ ಕೂಡ, ಆದರೆ ಹತ್ತೊಂಬತ್ತು ಪುಸ್ತಕಗಳಲ್ಲಿ ಮುನ್ನೆಲೆಯಲ್ಲಿದ್ದ ಒಗಟು ಇಲ್ಲಿ ಹಿಂದೆ ಸರಿದು, ಉತ್ತರ ತಿಳಿದ ಮೇಲೂ ಕ್ಯಾಡ್‌ಫೆಲ್ ಕೊಲೆ ಮಾಡಿದವರನ್ನು ಯಾರ ಕೈಗೂ ಒಪ್ಪಿಸುವುದಿಲ್ಲ. ಲೇಖಕಿ ಪುಟಗಳನ್ನು ಕೊಟ್ಟದ್ದು ಎರಡು ಜೋಡಿ ತಂದೆಮಕ್ಕಳಿಗೆ: ಕ್ಯಾಡ್‌ಫೆಲ್ ಮತ್ತು ಒಲಿವಿಯರ್ ಒಂದೆಡೆ, ಸಾಮ್ರಾಜ್ಞಿ ಮಾಡ್‌ಳ ಸೇನಾನಿಯಾದ ಗ್ಲೊಸ್ಟರ್‌ನ ರಾಬರ್ಟ್ ಮತ್ತು 1145ರಲ್ಲಿ ತಂದೆಯನ್ನು ತೊರೆದು ಸ್ಟೀಫನ್‌ನ ಪಕ್ಷ ಸೇರಿದ ಅವನ ಮಗ ಫಿಲಿಪ್ ಇನ್ನೊಂದೆಡೆ. ಫಿಲಿಪ್‌ನ ಪಕ್ಷಾಂತರ ಚರಿತ್ರೆಯಲ್ಲಿ ದಾಖಲಾದದ್ದು, ಅದರ ಕಾರಣ ದಾಖಲಾಗಿಲ್ಲ. ಪಾರ್ಜಿಟರ್ ಅದಕ್ಕೊಂದು ಕಾರಣ ಕಲ್ಪಿಸಿದಳು, ಮತ್ತು ಅದನ್ನು ಅರ್ಥಮಾಡಿಕೊಳ್ಳುವ ಹೊಣೆಯನ್ನು ಎಷ್ಟೋ ವರ್ಷ ತನಗೊಬ್ಬ ಮಗನಿದ್ದಾನೆಂದೇ ತಿಳಿಯದೆ ಬದುಕಿದ್ದ ಸನ್ಯಾಸಿಯ ಹೆಗಲಿಗೆ ಹಾಕಿದಳು.